ಟೈರಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ನನ್ನ ಅಕ್ಕ ರುಕ್ಮಣಿಯ ಮಗಳು ಕೃತ್ತಿಕಾಗೆ ಮೂಗಿನ ತುದಿಯಲ್ಲೇ ಕೋಪ ಎಂದು ಸೋಮನೂರಿನ ನಮ್ಮ ನೆಂಟರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಕೋಪ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳುವುದಿಲ್ಲ. ನಾನು ಹೇಳುತ್ತೇನೆ.

ಕುರಿಚಿಯ ಒಂದು ಲೇತ್ ವರ್ಕ್‌ಶಾಪಿನಲ್ಲಿ ಅವಳಿಗೆ ಕೆಲಸ. ಗುಜರಿಗೆ ಹೋಗಬೇಕಿದ್ದ ಹಳೆಯ ಕಾರೊಂದನ್ನು ತಂದು, ಅಪ್ಪನ ಪವರ್‌ಲೂಮ್ ಶೆಡ್ಡಿನ ಪಕ್ಕ ನಿಲ್ಲಿಸಿಕೊಂಡು, ರಜೆ ಸಿಕ್ಕಾಗಲೆಲ್ಲ ಅದರ ಕೆಳಗೇ ಮಲಗಿರುತ್ತಿದ್ದಳು. ತೂಕ ಇಳಿಸಲೆಂದು ಹಿಂದಿನ ಸೀಟು, ಬಾಗಿಲಿನ ಒಳಹೊದಿಕೆ ಎಲ್ಲ ಕಿತ್ತುಹಾಕಿದಳು. ಬಲ ಹೆಚ್ಚಲೆಂದು ಇಂಜಿನ್‌ಗೆ ಟರ್ಬೊ ಕೂರಿಸಿದಳು. ಆ ಕಾರನ್ನು ಎಳೆಯುವುದು ಮುಂದಿನ ಚಕ್ರಗಳು. ಅವಕ್ಕೆ ನೆಲವನ್ನು ಕಚ್ಚಿ ಹಿಡಿಯುವ ಮೆದು ರಬ್ಬರಿನ ಟೈರು ಹಾಕಿಸಿದಳು. ಇದೆಲ್ಲ ಡ್ರ್ಯಾಗ್ ರೇಸಿಗಾಗಿ. ಅದರಲ್ಲಿ ತಿರುವೇ ಇಲ್ಲ. ನೇರ ದಾರಿಯಲ್ಲಿ ಎರಡು ಕಾರು ಪಕ್ಕಪಕ್ಕ ನಿಂತು, ದೀಪ ಹಸಿರಾದ ಕೂಡಲೇ ನುಗ್ಗಬೇಕು. ಶುರುವಿನಲ್ಲೇ ಟೈರು ಜಾರಿದರೆ ಕಥೆ ಮುಗಿಯಿತು.

ಅವಳ ಅಪ್ಪ, ನನ್ನ ಭಾವ ಮೈಲ್‌ಸಾಮಿ, ಬೇಡ ಎಂದು ಬಾಯಿಬಿಟ್ಟು ಹೇಳುವ ಗಂಡಸಲ್ಲ. ಮಗ ಮೋಹನ್‌ರಾಜ್ ಓಡಿಸಲಿ ಎಂದು ಅಕ್ಕನ ಬಾಯಲ್ಲಿ ಹೇಳಿಸಿದರು. ಕೃತ್ತಿಕಾ ಒಪ್ಪಲಿಲ್ಲ. ಗೇರು ಬದಲಿಸಲು ತಡಕಾಡುವ ಮೋಹನ್‌ರಾಜನೂ ಒಪ್ಪಲಿಲ್ಲ. ಕೊನೆಗೆ ಭಾವ, ಪೂಜೆ ಮಾಡದೆ ಕಾರು ಮನೆಯಿಂದ ಹೊರಡಬಾರದು ಎಂದಷ್ಟೇ ಹೇಳಿ ಸುಮ್ಮನಾದರು. ಅಪ್ಪ ಇಷ್ಟಾದರೂ ಇಳಿದು ಬಂದರಲ್ಲ ಎಂದು ಹುಡುಗಿ ಹಿಗ್ಗಿದಳು. ನಾನೂ ಹಿಗ್ಗಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

ರೇಸಿನ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಭಾವ ಕಾರು ತೊಳೆದು, ವಿಭೂತಿ ಬಳಿದು, ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಟೈರುಗಳು ಮಿರಮಿರ ಮಿಂಚುತ್ತಿದ್ದವು. ಕೃತ್ತಿಕಾ ಬಗ್ಗಿ, ಬೆರಳಿನಿಂದ ಸವರಿ, ಮೂಸಿ ನೋಡಿದಳು. ಕಾಂಗೇಯಂನಿಂದ ತಲೆಗೆಂದು ತರಿಸುವ ಕೊಬ್ಬರಿ ಎಣ್ಣೆ. ಅಂಚಿಗೆ ಮಾತ್ರವಲ್ಲ, ನೆಲಕ್ಕೆ ತಾಗುವ ಜಾಗಕ್ಕೂ ಹಚ್ಚಿದ್ದರು.

ಆಯುಧ ಪೂಜೆಯಲ್ಲಿ ಮೊಪೆಡ್ಡಿಗೆ ಹಚ್ಚುವ ಹಾಗೆ ಅಂದಕ್ಕೆಂದು ಹಚ್ಚಿದೆ, ತನಗೇನು ಗೊತ್ತು ಎಂದರು ಭಾವ. ಅಕ್ಕ ಹೌದೆಂದು ತಲೆಯಾಡಿಸಿದಳು. ಪಾಪ, ತಿಳಿಯದೆ ಆದದ್ದು ಎನ್ನಲು ನಾನೂ ಬಾಯಿ ತೆರೆದಿದ್ದೆ.

"ಅಪ್ಪಾ, ಎಣ್ಣೆ ಕೈಲಿ ಲೂಮ್ ಬೆಲ್ಟ್ ಮುಟ್ಟಿದ್ರೆ ನನ್ನ ಬಡೀತಿದ್ರಲ್ಲ. ಯಾಕೆ?" ಎಂದಳು ಕೃತ್ತಿಕಾ.

ಭಾವ ಮಗ್ಗದ ಶೆಡ್ಡಿನಲ್ಲೇ ತಲೆ ನರೆತ ಮನುಷ್ಯ. ಎಣ್ಣೆ ತಾಗಿದ ಬೆಲ್ಟು ಜಾರುತ್ತದೆ, ಜಾರಿದರೆ ಮಗ್ಗ ನಿಲ್ಲುತ್ತದೆ ಎಂದು ಮನೆಮಂದಿಗೆಲ್ಲ ಕಲಿಸಿದವರೇ ಅವರು. ಊಟ ಮಾಡಿ ಸರಿಯಾಗಿ ಕೈ ತೊಳೆಯದ ಮಕ್ಕಳನ್ನು ಶೆಡ್ಡಿನೊಳಗೆ ಬಿಡುತ್ತಿರಲಿಲ್ಲ.

"ಬಂಡಿ ನಿಂತಲ್ಲೇ ನಿಂತ್ಕಳ್ಳಲಿ ಅಂತ," ಎಂದರು ಕೊನೆಗೆ. "ಒಂದ್ಸಲ ಸೋತ್ರೆ ನೀನೇ ಇದನ್ನ ಬಿಡ್ತೀಯ."

"ವೇಗದಲ್ಲಿ ಜಾರಿ ಗೋಡೆಗೆ ಹೊಡೆದಿದ್ರೆ?"

ಅದನ್ನು ಅವರು ಯೋಚಿಸಿಯೇ ಇರಲಿಲ್ಲ. ಮುಖ ಬಿಳಿಚಿಕೊಂಡಿತು. ನನಗೆ ಎಳ್ಳಷ್ಟೂ ಕನಿಕರ ಬರಲಿಲ್ಲ.

ಅವಳು ಒಳಗೆ ಹೋಗಿ ಬಕೆಟ್, ಸೋಪು, ಬ್ರಷ್ ತಂದು ಅಪ್ಪನ ಕಾಲ ಬಳಿ ಇಟ್ಟು, "ತೊಳೀರಿ," ಎಂದಳು. ತಾನು ಉಂಡ ತಟ್ಟೆಯನ್ನು ಒಂದು ದಿನವೂ ತೊಳೆದವರಲ್ಲ ಭಾವ. ಬೀದಿಯವರೆಲ್ಲ ನೋಡುತ್ತಿದ್ದಂತೆ ಕುಕ್ಕರಗಾಲಲ್ಲಿ ಕೂತು ಉಜ್ಜಿದರು. ಸಾಕಾ ಎಂದು ಕೇಳಿದರು. ಅವಳು ಮೂಸಿ ನೋಡಿ ಇನ್ನೂ ಇದೆ ಎಂದಳು. ಮತ್ತೆ ಉಜ್ಜಿದರು. ಕೊನೆಗೆ ಅವಳೇ ಥಿನ್ನರ್ ಹಾಕಿ ಒರೆಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಯಾರ ಕಾಲಿಗೂ ಬೀಳಲಿಲ್ಲ.

ಟ್ರ್ಯಾಕಿನಲ್ಲಿ ಟೈರು ಜಾರಲಿಲ್ಲ. ಮೊದಲ ಓಟ ಗೆದ್ದಳು, ಎರಡನೆಯದರಲ್ಲಿ ಸೋತಳು. ಸೋತದ್ದು ಅವಳಿಗೆ ದೊಡ್ಡದಾಗಿರಲಿಲ್ಲ. ಹೆಲ್ಮೆಟ್ ತೆಗೆದವಳೇ ನನ್ನ ಕೈ ಹಿಡಿದುಕೊಂಡಳು.

"ಬೇಡ ಅಂತ ಮುಖಕ್ಕೆ ಹೇಳಿದ್ರೆ ಜಗಳ ಆಡ್ತಿದ್ದೆ ಚಿಕ್ಕಮ್ಮ. ಪೂಜೆ ಅಂದ್ರು. ನಂಬಿದೆ."

ಸಂಜೆ ವಾಪಸು ಬರುವಾಗ ತನ್ನ ಮನೆಯಿರುವ ಸೋಮನೂರಿಗೆ ತಿರುಗುವಲ್ಲಿ ಅವಳು ತಿರುಗಲಿಲ್ಲ. ನೇರವಾಗಿ ಪಲ್ಲಡಂನ ನಮ್ಮ ಮನೆಗೆ ಬಂದಳು. ಕಾರು ಈಗಲೂ ನಮ್ಮ ಅಂಗಳದಲ್ಲಿದೆ. ಭಾವ ಆಗಾಗ ಬಂದು, ಗೇಟಿನ ಆಚೆ ನಿಂತು, ಅದನ್ನು ನೋಡಿ ಹೋಗುತ್ತಾರೆ. ಕೃತ್ತಿಕಾ ಹೊರಗೆ ಬರುವುದಿಲ್ಲ. ನಾನೂ ಅವಳನ್ನು ಕರೆಯುವುದಿಲ್ಲ.