ಅವ್ವನ ನತ್ತಿಗೊಂದು ಕೆಂಪು ಹರಳು

ನಮ್ಮ ಮನೆತನದಲ್ಲಿ ಯಾರಿಗೂ ಡಿಗ್ರಿ ದಕ್ಕುವುದಿಲ್ಲ ಎಂದು ಹೇಳಿದವನು ನನ್ನ ಸೋದರಮಾವ. ನಾನು ಬಿ.ಎಸ್ಸಿ. ಮುಗಿಸಿ ಬೆಳಗಾವಿಯ ಶಾಲೆಯೊಂದರಲ್ಲಿ ಶಿಕ್ಷಕಿಯಾದ ಮೇಲೂ ಮಾಮಾ ಸೋಲೊಪ್ಪಲಿಲ್ಲ. ಅವ್ವನ ನತ್ತಿಗೆ ಅಸಲಿ ಕೆಂಪು ಹರಳು ಹಾಕಿಸುತ್ತೇನೆ ಎಂದಾಗ, ಶಾಲೆಯ ಮಕ್ಕಳು ನನ್ನನ್ನು ಕರೆಯುವಂತೆಯೇ ಕರೆದು ನಕ್ಕ.

"ಬಾಯಾರ, ಪುಸ್ತಕ ಓದಿ ಹರಳು ಆರಸಾಕ ಬರೂದಿಲ್ಲ. ಅದು ನಿಮ್ಮ ಕೈಲೆ ಎಂದೂ ಆಗೂದಲ್ಲ."

ಹಾಗೆ ಹೇಳುವ ಹಕ್ಕು ಅವನಿಗಿದೆ ಎಂದೇ ಎಲ್ಲರೂ ನಂಬಿದ್ದೆವು. ಮಾಮಾ ಖಾನಾಪುರದ ಹತ್ತಿರದ ಪಾರಿಶ್ವಾಡದವನು. ಅಕ್ಕಿ ಗಿರಣಿಗೆ ಭತ್ತ ಪರೀಕ್ಷಿಸಿ ಕೊಡುವುದು ಅವನ ಕೆಲಸ. ನಾಲ್ಕು ಕಾಳು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಅಕ್ಕಿಯನ್ನು ಬೆಳಕಿಗೆ ಹಿಡಿಯುತ್ತಾನೆ. ಒಳಗೆ ಬಿಳಿ ಚುಕ್ಕೆ, ಬಿರುಕು ಕಂಡರೆ ಆ ಮಾಲು ಬೇಡ. ಬಂಧುಗಳ ಮನೆಯ ಹರಳುಗಳನ್ನೂ ಅವನು ಹೀಗೆಯೇ ಆರಿಸಿ ಕೊಡುತ್ತಿದ್ದ. ಅವನ ಉಂಗುರದ ಕೆಂಪು ಹರಳಿನಲ್ಲಿ ಧೂಳಿನ ಕಣದಷ್ಟೂ ಕಲೆ ಇರಲಿಲ್ಲ.

ಅವ್ವನ ನತ್ತಿನಲ್ಲಿ ಮುತ್ತುಗಳ ನಡುವೆ ಇದ್ದದ್ದು ಬರೀ ಗಾಜು. "ಗಾಜಾದರೇನ, ಮೂಗಿಗೆ ಗೊತ್ತಾಗತೈತೇನು?" ಎನ್ನುತ್ತಿದ್ದಳು. ಆದರೆ ಮದುವೆ ಮನೆಗಳಲ್ಲಿ ಹೆಂಗಸರು ಒಬ್ಬರ ಒಡವೆ ಒಬ್ಬರು ಮುಟ್ಟಿ ನೋಡುವ ಹೊತ್ತಿಗೆ ಅವಳು ಅಡುಗೆ ಕೋಣೆಯ ಕಡೆ ಸರಿಯುವುದನ್ನು ನಾನು ಚಿಕ್ಕವಳಿದ್ದಾಗಿನಿಂದ ಕಂಡಿದ್ದೆ.

ಬೆಳಗಾವಿಯ ಅಂಗಡಿಯೊಂದರಲ್ಲಿ ಜೈನ ಹಿರಿಯರೊಬ್ಬರು ಬಿಳಿ ಕಾಗದದ ಮೇಲೆ ಮೂರು ಹರಳುಗಳನ್ನಿಟ್ಟು, "ನಿಮಗ ಯಾವುದು ಚೊಲೊ ಅನಸ್ತದ?" ಎಂದರು. ನಾನು ಎಲ್ಲಕ್ಕಿಂತ ಸ್ವಚ್ಛವಾದದ್ದನ್ನು ಮುಟ್ಟಿದೆ.

"ಅದು ಕಾರ್ಖಾನ್ಯಾಗ ಮಾಡಿದ್ದು. ಮಾರಾಕಲ್ಲ, ಗಿರಾಕಿಗೆ ತೋರಸಾಕ ಇಟ್ಟೀನ್ರಿ" ಎಂದರು.

ನನ್ನ ಮುಖ ಬಿಸಿಯಾಯಿತು. ಡಿಗ್ರಿ ಮಾಡಿಯೂ ನಾನು ಆರಿಸಿದ್ದು ಮಾಮಾನ ಅಕ್ಕಿಯ ಲೆಕ್ಕದಲ್ಲೇ. ಅವರು ಭೂತಗನ್ನಡಿ ಕೊಟ್ಟು ಇನ್ನೊಂದನ್ನು ತೋರಿಸಿದರು. ಕೆಂಪಿನೊಳಗೆ ಕೂದಲಿಗಿಂತ ಸಣ್ಣ ಎಳೆಗಳು ಒಂದನ್ನೊಂದು ದಾಟಿ ಹೋಗಿದ್ದವು. ನೆಲದೊಳಗೆ ಬೆಳೆದ ಹರಳಿನಲ್ಲಿ ಇಂಥ ಗುರುತು ಬಹುಮಟ್ಟಿಗೆ ಇದ್ದೇ ಇರುತ್ತದೆ. ಬಣ್ಣ ಮಂಕಾಗುವಷ್ಟು, ಹರಳು ಸೀಳುವಷ್ಟು ಇರಬಾರದು, ಅಷ್ಟೇ. ಬಣ್ಣ ಏಳಲೆಂದು ಹರಳನ್ನು ಕಾಸುವ ರೂಢಿಯೂ ಉಂಟಂತೆ. "ಕಾಸೂದು ತಪ್ಪಲ್ಲರಿ, ಹೇಳದ ಮಾರೂದು ತಪ್ಪು. ನನ್ನ ಮಾತೂ ನಂಬಬ್ಯಾಡ್ರಿ, ಪರೀಕ್ಷಾ ಮಾಡಸ್ರಿ" ಎಂದು, ಆ ಹರಳನ್ನು ಕಾಗದದಲ್ಲಿ ಮಡಿಸಿ ಅವ್ವನಿಗೆ ತೋರಿಸಲು ಕೊಟ್ಟರು.

ಖಾನಾಪುರದ ನಮ್ಮ ಮನೆಯಲ್ಲಿ ಮಾಮಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇದರಾಗ ಕಸ ಐತಿ. ಕಸಕ್ಕ ರೊಕ್ಕ ಕೊಡ್ತೀ? ಅಕ್ಕಾ, ನನ್ನ ಹರಳು ಹಾಕಿಸ್ಕೊ." ಉಂಗುರ ತೆಗೆದು ಅವ್ವನ ಮುಂದಿಟ್ಟೇಬಿಟ್ಟ.

ಅವ್ವನ ಕಣ್ಣು ತುಂಬಿತು. ನಾನು ಮಾತ್ರ ಉಂಗುರದ ಹರಳಿನ ಸ್ವಚ್ಛತೆಯನ್ನೇ ನೋಡುತ್ತ ನಿಂತೆ. ಎರಡನ್ನೂ ಪರೀಕ್ಷೆಗೆ ಕಳಿಸೋಣ ಎಂದೆ. ಅವ್ವ ನನ್ನನ್ನು ಒಳಗೆ ಕರೆದಳು.

"ತಮ್ಮನ ಹರಳು ಕಳಸಬ್ಯಾಡ. ಖೊಟ್ಟಿ ಅಂತ ಬಂದರ ಅವಾ ನಾಕ ಮಂದ್ಯಾಗ ಹೆಂಗ ಕುಂದರಬೇಕು? ನಾ ಗಾಜಿನಾಗ ಇಷ್ಟ ವರ್ಷ ಕಳದೀನಿ."

ಮಾಮಾನಿಗೆ ಕೇಳಿಸಿತ್ತು. "ಕಳಸ್ಲಿ ಬಿಡು ಅಕ್ಕಾ. ನನಗೇನ ಅಂಜಿಕಿ?" ಎಂದ ಹೊರಗಿನಿಂದಲೇ.

ಅಂಗಡಿಯವರ ಮೂಲಕ ಕಳಿಸಿದ ಹರಳುಗಳು ಹದಿನೈದು ದಿನಕ್ಕೆ ಎರಡು ಪ್ರಮಾಣಪತ್ರಗಳೊಂದಿಗೆ ಬಂದವು. ನಾನು ಅಂಗಡಿಯಿಂದ ತಂದದ್ದು ನೆಲದಲ್ಲಿ ಬೆಳೆದದ್ದು, ಕಾಸಿದ್ದು. ಮಾಮಾನದು ಕಾರ್ಖಾನೆಯದು. ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗುವಾಗ ಎರಡನೆಯದನ್ನು ಚೀಲದ ತಳಕ್ಕೆ ತಳ್ಳಿದೆ. ಗೆದ್ದ ಖುಷಿ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅವ್ವನ ಮಾತೂ ಬೆನ್ನಿಗಿತ್ತು. ಅಂಗಡಿಯಲ್ಲಿ ನನ್ನ ಬೆರಳು ಹೋಗಿದ್ದೂ ಅಂಥದ್ದೇ ಹರಳಿನ ಮೇಲಲ್ಲವೇ?

ಮನೆಯಲ್ಲಿ ಮಾಮಾ ಕಾಯುತ್ತಿದ್ದ. ಅವ್ವನ ಹರಳಿನ ಪತ್ರ ಓದಿ ಹೇಳಿದೆ. ಅವಳು ತಮ್ಮನ ಮುಖವನ್ನೇ ನೋಡುತ್ತಿದ್ದಳು. ಮಾಮಾ ಕೈ ಚಾಚಿದ.

"ನಂದು?"

ತೆಗೆದು ಕೊಟ್ಟೆ. ಇಂಗ್ಲಿಷ್ ಅವನಿಗೆ ಬಾರದು. ಅಚ್ಚಾದ ಸಾಲುಗಳ ಮೇಲೆ ಬೆರಳಾಡಿಸಿ, "ಏನ ಬರದಾರ, ಹಂಗ ಹೇಳು" ಎಂದ. ಹೇಳಿದೆ. ಅವ್ವ ಏನೋ ಹೇಳಹೋದಳು, ಅವನು ಬೇಡವೆಂದು ತಲೆಯಾಡಿಸಿದ. ಕಾಗದವನ್ನು ಮಡಿಸಿ ಕಿಸೆಗಿಟ್ಟ.

"ಅಕ್ಕನ ನತ್ತಿಗೆ ಆ ಎಳಿ ಇದ್ದದ್ದ ಹಾಕಸು" ಎಂದ. "ನನ್ನ ಮಗಳ ಮದುವಿ ಉಂಗುರಕ್ಕೂ ಹರಳು ನಾನ ಆರಿಸಿ ಕೊಟ್ಟೀನಿ, ಅದರಾಗೂ ಒಂದ ಕಲಿ ಇಲ್ಲ. ನಾಳೆ ಅಕಿ ಮನಿಗೆ ಹೋಗೂಣು, ನೀನೂ ಬಾ. ನನಗೊಬ್ಬನಿಗೆ ಹೇಳಾಕ ಆಗೂದಿಲ್ಲ."