ಅಚ್ಚಯ್ಯ ಉಜ್ಜದ ಸೆಟ್ಟು

ಅವರನ್ನು ನಾನು ಮೊದಲು ಕಂಡದ್ದು ಅಕ್ಕನಿಗೆ ಮೇಲಿನ ಹಲ್ಲುಸೆಟ್ಟು ಕಟ್ಟಿಸಲು ಹೋದ ದಿನ. ದಂತವೈದ್ಯರ ಕೋಣೆಯ ಹಿಂದೆ ಕಿರಿದಾದ ಜಾಗ. ಮೇಜಿನ ಮೇಲೆಲ್ಲ ಬಿಳಿ ಪುಡಿ. ಕಪಾಟಿನಲ್ಲಿ ಸಾಲುಸಾಲು ಪ್ಲಾಸ್ಟರಿನ ಬಾಯಿಗಳು, ಒಂದೊಂದರ ಕೆಳಗೂ ಪೆನ್ಸಿಲಿನಲ್ಲಿ ಬರೆದ ತಾರೀಕು. ಬಾಯಿಯ ಅಚ್ಚು ತೆಗೆದು ಹಲ್ಲುಸೆಟ್ಟು ಮಾಡುವವರಾದ್ದರಿಂದ ಎಲ್ಲರಿಗೂ ಅವರು ಅಚ್ಚಯ್ಯ.

“ಇಷ್ಟು ಬಾಯಿಗಳ ಮಧ್ಯೆ ಹೇಗಪ್ಪಾ ಇರ್ತೀಯ?” ಎಂದಳು ಅಕ್ಕ.

“ಇವು ಯಾವೂ ಎದುರು ಮಾತಾಡಲ್ಲ ಅಮ್ಮ.”

ಮೂರು ವರ್ಷ ಸೆಟ್ಟು ಚೆನ್ನಾಗಿ ಕೂತಿತ್ತು. ಆಮೇಲೆ ಅಂಗುಳಿನ ಹಿಂಭಾಗದಲ್ಲಿ ಒತ್ತತೊಡಗಿತು. ನೋವೇನೂ ಇರಲಿಲ್ಲ. ವೈದ್ಯರು ಅರೆಗಳಿಗೆ ದೀಪ ಹಿಡಿದು ನೋಡಿ, ಒತ್ತುವ ಕಡೆ ಸೆಟ್ಟನ್ನು ಉಜ್ಜಿ ಕೊಡುವಂತೆ ಚೀಟಿ ಬರೆದರು. ಅಚ್ಚಯ್ಯ ಉಜ್ಜಿಕೊಟ್ಟರು. ನಾಲ್ಕು ತಿಂಗಳಿಗೆ ಮತ್ತೆ ಅದೇ ಜಾಗ, ಅದೇ ಚೀಟಿ, ಮತ್ತೆ ಉಜ್ಜಿದರು.

ಮೂರನೆಯ ಸಲ ಉಜ್ಜಲಿಲ್ಲ. ಹೊಸದಾಗಿ ಅಚ್ಚು ತೆಗೆದು ಹಳೆಯದರ ಪಕ್ಕದಲ್ಲಿಟ್ಟು, ನನ್ನ ಬೆರಳು ಹಿಡಿದು ಎರಡರ ಮೇಲೂ ಆಡಿಸಿದರು. ಹಳೆಯದು ನುಣುಪು. ಹೊಸದರಲ್ಲಿ ಕಡಲೆಬೀಜದಷ್ಟು ಉಬ್ಬು.

“ಮೇಷ್ಟ್ರೇ, ಇದು ಬೆಳೀತಾ ಇದೆ. ಎರಡು ಸಲ ಉಜ್ಜಿ ನಾನೇ ಇದಕ್ಕೆ ಜಾಗ ಮಾಡಿಕೊಟ್ಟೆ.”

ಅಚ್ಚುಗಳನ್ನು ವೈದ್ಯರ ಮುಂದಿಟ್ಟರೆ ಅವರು ತಲೆಯನ್ನೇ ಎತ್ತಲಿಲ್ಲ. ಹಲ್ಲು ಮಾಡುವವನು ಹಲ್ಲು ಮಾಡಿಕೊಂಡಿದ್ದರೆ ಸಾಕು ಎಂದರು. ನಾನು ಪಟ್ಟು ಹಿಡಿದ ಮೇಲೆ ಮೇಲುಮೇಲೆ ಒಂದು ಚೂರು ಕೆರೆದು ಪರೀಕ್ಷೆಗೆ ಕಳಿಸಿದರು. ದೋಷವಿಲ್ಲವೆಂದು ಬಂತು. ಹೇಗೆ ಸಿಕ್ಕೀತು? ಉಬ್ಬು ಇದ್ದದ್ದು ಚರ್ಮದ ಅಡಿಯಲ್ಲಿ. ಪ್ರಶ್ನೆ ಓದದೆ ಉತ್ತರ ಬರೆದ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಈ ದೊಡ್ಡ ಮನುಷ್ಯರನ್ನು ನಿಲ್ಲಿಸುವವರು ಯಾರು?

ಮರುದಿನ ಅಚ್ಚಯ್ಯ ಕೆಲಸಕ್ಕೆ ರಜೆ ಹಾಕಿ, ಅಚ್ಚುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ನಮ್ಮೊಡನೆ ದೊಡ್ಡಾಸ್ಪತ್ರೆಗೆ ಬಂದರು. ಅಲ್ಲಿಯ ವೈದ್ಯೆ ಅವುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಉಬ್ಬಿನ ಆಳದಿಂದಲೇ ಚೂರು ತೆಗೆದರು. ಅಂಗುಳಿನೊಳಗಿನ ಪುಟ್ಟ ಜೊಲ್ಲುಗ್ರಂಥಿಯ ಕ್ಯಾನ್ಸರು. ಬಲು ಅಪರೂಪದ್ದಂತೆ, ಸೂಕ್ಷ್ಮದರ್ಶಕದಲ್ಲಿ ನೋಡಿದವರೂ ಇನ್ನೊಬ್ಬರನ್ನು ಕೇಳಿಯೇ ಹೆಸರು ಹೇಳಿದರಂತೆ. ತಿಳಿಯದಿದ್ದರೆ ಕೇಳುವವರನ್ನು ನಾನು ಗೌರವಿಸುತ್ತೇನೆ. ಸರಿಯಾಗಿ ನೋಡದೆಯೇ ಚೀಟಿ ಬರೆದವರನ್ನು ಏನೆನ್ನಲಿ? ಅಷ್ಟರಲ್ಲಿ ಒಂಬತ್ತು ತಿಂಗಳು ಕಳೆದಿತ್ತು. ಅಕ್ಕನ ಅಂಗುಳಿನ ಅರ್ಧವನ್ನು ಎಲುಬಿನ ಸಮೇತ ತೆಗೆಯಬೇಕಾಯಿತು.

ದಂತವೈದ್ಯರು ‘ಅಧಿಕಪ್ರಸಂಗ’ವೆಂದು ಅಚ್ಚಯ್ಯನವರನ್ನು ಕೆಲಸದಿಂದ ಬಿಡಿಸಿದರು. ತಮ್ಮ ತಪ್ಪಿಗೆ ಇವರಿಗೆ ಶಿಕ್ಷೆ! ವೈದ್ಯೆ ಅವರನ್ನು ದೊಡ್ಡಾಸ್ಪತ್ರೆಯ ಕೆಲಸಕ್ಕೆ ಕರೆಸಿಕೊಂಡರು.

ಈಗ ಅಲ್ಲಿ ಅಚ್ಚಯ್ಯ, ಅಂಗುಳು ಕಳೆದುಕೊಂಡವರಿಗೆ ಬಾಯಿಗೂ ಮೂಗಿಗೂ ನಡುವೆ ಆದ ತೂತು ಮುಚ್ಚುವ ತಟ್ಟೆ ಮಾಡುತ್ತಾರೆ. ಈ ವಾರ ಅಕ್ಕನದೇ ಕೆಲಸ. ಹಳೆಯ ತಟ್ಟೆ ಸಡಿಲಾಗಿ, ಕುಡಿದ ನೀರೆಲ್ಲ ಮೂಗಿನಲ್ಲಿ ಬರುತ್ತಿದೆಯೆಂದು ಅವಳ ದೂರು.