ಬೀಗಿತ್ತಿ ನೀರಿಗಿಳಿದ ದಿನ

ನಮ್ಮ ದ್ವೀಪದಲ್ಲಿರುವುದು ಒಂದೇ ಬಸ್ಸು, ಅದನ್ನು ಓಡಿಸುವವಳು ವಿಂಕಾ. ಪ್ರಪಾತದಂಚಿನ ತಿರುವಿನಲ್ಲೂ ಪ್ರಯಾಣಿಕರ ಜೊತೆ ಜಗಳವಾಡಿಕೊಂಡೇ ಸ್ಟಿಯರಿಂಗ್ ತಿರುಗಿಸುವ ಗಟ್ಟಿಗಿತ್ತಿ. ಅವಳು ಹೆದರುತ್ತಿದ್ದುದು ಯೂಗೊ ಒಂದಕ್ಕೇ. ಆ ತೆಂಕಣ ಗಾಳಿ ಬೀಸತೊಡಗಿದರೆ ಸಮುದ್ರ ಉಬ್ಬಿ ಬಂದರಿನ ಕಟ್ಟೆ ಹತ್ತುತ್ತದೆ. ಕಟ್ಟೆಯ ಪಕ್ಕದಲ್ಲೇ ಅವಳ ತಾಯಿ ಪೆರೀನಾಳ ಮನೆ.

ಪೆರೀನಾಗೆ ಎಂಬತ್ತು ದಾಟಿತ್ತು. ಆಳು ದಪ್ಪ, ನಾಲಿಗೆ ಹರಿತ. ಗುಡ್ಡದ ಮೇಲಿನ ಮಗಳ ಮನೆಗೆ ಬಾ ಎಂದರೆ ಬರುತ್ತಿರಲಿಲ್ಲ, ಏಕೆಂದರೆ ಅಲ್ಲಿ ವಿಂಕಾಳ ಅತ್ತೆ ಲೂತ್ಸೆ ಇದ್ದಳು. ಮದುವೆಯ ಊಟದಲ್ಲಿ ಲೂತ್ಸೆ ಹೆಣ್ಣಿನ ತಾಯಿಯನ್ನು ಅಡುಗೆಮನೆ ಬಾಗಿಲ ಪಕ್ಕ, ಎಂಜಲು ತಟ್ಟೆ ಓಡಾಡುವ ಜಾಗದಲ್ಲಿ ಕೂರಿಸಿದ್ದಳು. ಅಂದಿನಿಂದ ಬೀಗಿತ್ತಿಯರಿಬ್ಬರ ನಡುವೆ ಮಾತಿಲ್ಲ. ವಿಂಕಾಳ ಮಕ್ಕಳಿಗೇ ಮದುವೆಯ ವಯಸ್ಸಾದರೂ ಮಾತಿಲ್ಲ.

ಹಾಗಾಗಿ ಪ್ರತಿ ಬಿರುಗಾಳಿಗೂ ವಿಂಕಾ ಬಸ್ಸು ನಿಂತಲ್ಲೆಲ್ಲ ತಾಯಿಗೆ ಫೋನ್ ಮಾಡುತ್ತಿದ್ದಳು.

"ಇನ್ನೂ ಸತ್ತಿಲ್ಲ. ರಸ್ತೆ ನೋಡ್ಕೊಂಡ್ ಓಡ್ಸು," ಎಂದು ಪೆರೀನಾ ಫೋನ್ ಕುಕ್ಕುತ್ತಿದ್ದಳು.

ಹೋದ ನವೆಂಬರಿನ ಒಂದು ಬೆಳಿಗ್ಗೆ ಫೋನೇ ಹೋಗಲಿಲ್ಲ. ಹಡಗು ನಿಂತುಹೋಗಿ ವಿಂಕಾಳ ಗಂಡ ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದ. ಅವಳು ಬಸ್ಸನ್ನು ಚರ್ಚಿನ ಬಳಿ ಬಿಟ್ಟು ಮೆಟ್ಟಿಲಿಳಿದು ಓಡಿದಳು. ಆ ಮೆಟ್ಟಿಲ ಬದಿಯಲ್ಲೇ ನನ್ನ ಮನೆ. ನಾನು ದೋಣಿಯ ಹಗ್ಗ ತಂದು ಒಂದು ತುದಿಯನ್ನು ಕಬ್ಬಿಣದ ಕಂಬಿಗೆ ಬಿಗಿದು, ಇನ್ನೊಂದನ್ನು ಅವಳ ಸೊಂಟಕ್ಕೆ ಕಟ್ಟಿದೆ.

ಪೆರೀನಾಳ ಅಡುಗೆಮನೆಯಲ್ಲಿ ಮೊಣಕಾಲು ಮಟ್ಟ ನೀರು. ಮುದುಕಿ ಕೋಟು ತೊಟ್ಟು ಮೇಜಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು.

"ಅಮ್ಮಾ, ಏಳು! ಕೈ ಮುಗೀತೀನಿ."

"ಬಾಗ್ಲು ಹಾಕು, ಚಳಿ ಬರತ್ತೆ."

"ಬಾಗ್ಲು ಎಲ್ಲಿದೆ ಅಮ್ಮಾ? ಅರ್ಧ ಕಿತ್ಕೊಂಡ್ ಹೋಗಿದೆ!"

"ಹಾಗಾದ್ರೆ ಇನ್ನರ್ಧ ಹಾಕು."

ವಿಂಕಾ ಬೇಡಿದಳು, ಬೈದಳು, ಕೊನೆಗೆ ಎತ್ತಲು ನೋಡಿದಳು. ಪೆರೀನಾ ಮೇಜಿನ ಅಂಚನ್ನು ಉಡದ ಹಾಗೆ ಹಿಡಿದಿದ್ದಳು. ವಿಂಕಾಗೆ ಅಳು ಒತ್ತರಿಸಿ ಬಂತು.

ಅಷ್ಟರಲ್ಲಿ ನನ್ನ ಪಕ್ಕದಿಂದ ಯಾರೋ ಹಗ್ಗ ಹಿಡಿದು ಕೆಳಗಿಳಿದರು. ತಡೆಯಲು ಹೋದವನ ಕೈಗೆ ಪಟ್ಟೆಂದು ಏಟು ಬಿತ್ತು. ಲೂತ್ಸೆ! ಕಡ್ಡಿಯಂಥ ಹೆಂಗಸು, ಸೊಂಟ ನೋವಿನವಳು, ತೀರಿಹೋದ ಗಂಡನ ಮೀನುಗಾರಿಕೆಯ ಬೂಟು ತೊಡೆಯವರೆಗೆ ಏರಿಸಿಕೊಂಡಿದ್ದಳು. ವಿಂಕಾ ಕಾಪಾಡಬೇಕಾದ ಮುದುಕಿಯರು ಈಗ ಇಬ್ಬರಾದರು.

"ಅತ್ತೆ, ನೀವ್ಯಾಕ್ ಬಂದ್ರಿ?"

"ಬೀಗಿತ್ತಿ ಮುಳುಗೋದ್ ನೋಡೋಕೆ. ನಾಳೆ ಊರಿಗೆಲ್ಲ ನಾನೇ ತಾನೆ ಹೇಳ್ಬೇಕು?"

ಪೆರೀನಾ ಗೋಡೆಗೆ ಮುಖ ತಿರುಗಿಸಿದಳು. ಲೂತ್ಸೆ ಮೇಜಿನ ಹತ್ತಿರ ಹೋಗಿ ನಿಂತಳು.

"ಕೇಳಿ ಪೆರೀನಾ. ಮದ್ವೇಲಿ ನಿಮ್ಮನ್ನ ಅಲ್ಲಿ ಕೂರ್ಸಿದ್ದು ಬೇಕಂತ್ಲೇ. ನನ್ ಮಗನ್ನ ಕಿತ್ಕೊಂಡ್ರಿ ಅಂತ ಹೊಟ್ಟೆ ಉರೀತಿತ್ತು. ತಪ್ಪಾಯ್ತು. ಸಾಕಾ? ಇಳೀರಿ."

ಪೆರೀನಾ ನಿಧಾನವಾಗಿ ತಿರುಗಿದಳು. "ಕೇಳಿಸ್ಲಿಲ್ಲ. ಗಾಳಿ."

"ನೀರು ಏರ್ತಿದೆ ಕಣ್ರೀ!"

"ಇನ್ನೊಂದ್ಸಲ ಹೇಳು."

ಲೂತ್ಸೆ ಉಸಿರು ತುಂಬಿಕೊಂಡು ಎಷ್ಟು ಜೋರಾಗಿ ಕಿರುಚಿದಳೆಂದರೆ, "ತಪ್ಪಾಯ್ತು!" ಎಂದದ್ದು ಯೂಗೊವನ್ನೂ ಮೀರಿ ಮೆಟ್ಟಿಲ ಮೇಲಿದ್ದ ನನಗೆ ಕೇಳಿಸಿತು. ಪೆರೀನಾ ಕಿತ್ತಳೆಯನ್ನು ಜೇಬಿಗೆ ಹಾಕಿಕೊಂಡು ನೀರಿಗಿಳಿದಳು.

ಮೂವರೂ ಹಗ್ಗ ಹಿಡಿದು ಹೊರಬಂದರು. ಮೆಟ್ಟಿಲು ಇನ್ನೇನು ಸಿಕ್ಕಿತು ಅನ್ನುವಾಗ ಒಂದು ತೆರೆ ಅಡ್ಡಲಾಗಿ ಅಪ್ಪಳಿಸಿತು. ಲೂತ್ಸೆಯ ಕಾಲು ಜಾರಿ, ಬೂಟಿನೊಳಗೆ ನೀರು ತುಂಬಿ, ಅವಳು ಸಮುದ್ರದ ಕಡೆ ಸರಿದೇಹೋದಳು. ವಿಂಕಾ ಕೂಗಿಕೊಂಡಳು. ಅದಕ್ಕೆ ಮೊದಲೇ ಪೆರೀನಾ ಕೈಚಾಚಿ ಬೀಗಿತ್ತಿಯ ಕುತ್ತಿಗೆಪಟ್ಟಿ ಹಿಡಿದು, ತನ್ನ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು, ಬಂಡೆಯಂತೆ ನಿಂತಿದ್ದಳು. ವಿಂಕಾ ಅತ್ತೆಯ ತೋಳು ಹಿಡಿದಳು. ನಾನು ಮೇಲಿನಿಂದ ಹಗ್ಗ ಜಗ್ಗಿದೆ. ಎಲ್ಲರೂ ನನ್ನ ಮೆಟ್ಟಿಲ ಮೇಲೆ ರಾಶಿಯಾಗಿ ಬಿದ್ದೆವು.

"ಏನೂ ತಿನ್ನಲ್ವಾ ನೀನು? ಒಂದ್ ಹಿಡಿ ಇಲ್ಲ!" ಪೆರೀನಾ ಏದುಸಿರಿನಲ್ಲೇ ಗದರಿದಳು.

"ನಿಮ್ ಮಗಳ ಅಡುಗೆ," ಎಂದಳು ಲೂತ್ಸೆ.

ಇಬ್ಬರೂ ನಗತೊಡಗಿದರು. ಕೆಮ್ಮು ಬರುವಷ್ಟು ನಕ್ಕರು. ಕೆಳಗೆ ಪೆರೀನಾಳ ಮೇಜು ತೇಲಿಕೊಂಡು ಬಂದರನ್ನು ದಾಟುತ್ತಿತ್ತು. ಅತ್ತ ಯಾರೂ ತಿರುಗಿಯೂ ನೋಡಲಿಲ್ಲ.

ಅವರಿಬ್ಬರನ್ನೂ ವಿಂಕಾ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಗುಡ್ಡ ಹತ್ತಿದಳು. ಹಾರ್ನ್ ಬಿಡದೆ ಒತ್ತುತ್ತ ಹೋದಳು. ಜನ ಕಿಟಕಿ ತೆರೆದು, ಒಂದೇ ಕಂಬಳಿ ಹೊದ್ದ ಬೀಗಿತ್ತಿಯರನ್ನು ಕಂಡು ಬಾಯಿ ಬಿಟ್ಟರು. ಬ್ರೆಡ್ಡಿನಂಗಡಿಯವಳಂತೂ ಮಳೆಯಲ್ಲೇ ಓಡಿಬಂದು ಚಪ್ಪಾಳೆ ತಟ್ಟಿದಳು.

ಮನೆ ಸೇರಿದ ಮೇಲೆ ಇಬ್ಬರನ್ನೂ ಒಲೆಯ ಮುಂದೆ ಬಿಟ್ಟು ವಿಂಕಾ ಬಚ್ಚಲಿಗೆ ಹೋದಳು. ಒಲೆಯ ಬಳಿ ಆಗಲೇ ಜಗಳ ಶುರುವಾಗಿತ್ತು: ಈರುಳ್ಳಿ ಎಷ್ಟು ಸಣ್ಣಗೆ ಹೆಚ್ಚಬೇಕು ಎಂದು. ಅವಳು ಅಗುಳಿ ಹಾಕಿಕೊಂಡು, ಗೋಲು ಹೊಡೆದ ಆಟಗಾರನ ಹಾಗೆ ಎರಡೂ ಮುಷ್ಟಿ ಮೇಲೆತ್ತಿ, ಒದ್ದೆ ಬಟ್ಟೆಯಲ್ಲೇ ಕುಣಿದಳಂತೆ. ನನಗಿದನ್ನು ಹೇಳುವಾಗಲೂ ಅವಳ ಮುಷ್ಟಿಗಳು ಮೇಲೆದ್ದವು.